ತುಳಿದರೆ ಹೊಗೆ ಬರುತ್ತದೆ, ಗಾಡಿ ಬರುವುದಿಲ್ಲ: ಮಾಡಿಫೈ ಮಾಡಿದ ವಿ-ಕ್ರಾಸ್‌ನ ಲ್ಯಾಗ್ ಸರಿ ಮಾಡುವುದು ಹೇಗೆ?

ಪೆರ್ಲದ ಪಿಕಪ್

ಗಾಡಿ 2017ರ ಇಸುಝು ವಿ-ಕ್ರಾಸ್. 2.5 ಲೀಟರ್ ಡೀಸೆಲ್, ಐದು ಗೇರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಇದೇ ಮಾಡೆಲ್ ನನ್ನ ಭಾವನ ಹತ್ತಿರವೂ ಉಂಟು, ಕಂಪೆನಿಯಿಂದ ಬಂದ ಹಾಗೇ ಇದೆ, ಅದರಲ್ಲಿ ಈ ರಗಳೆ ಇಲ್ಲ. ಹಾಗಾಗಿ ತೊಂದರೆ ಇರುವುದು ಮೇಲಿಂದ ಹಾಕಿದ ಸಾಮಾನಿನಲ್ಲೇ ಅಂತ ನನ್ನ ಅಂದಾಜು.

ಹಾಕಿದ್ದು ಎಂತೆಲ್ಲ ಅಂದರೆ, 265/75 ಆರ್16 ಆಲ್ ಟೆರೇನ್ ಟಯರ್ (ಮೊದಲು ಇದ್ದದ್ದು 245/70), ಎರಡು ಇಂಚು ಲಿಫ್ಟ್ (ಗಾಡಿ ಎತ್ತರಿಸುವುದು), ಸ್ನಾರ್ಕೆಲ್ (ಇಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ), ಎಣ್ಣೆ ಸವರುವ ಕಾಟನ್ ಏರ್ ಫಿಲ್ಟರ್, ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವುದು), ಅದಕ್ಕೆ ಅಲ್ಯೂಮಿನಿಯಂ ಪೈಪು, ನೀಲಿ ಸಿಲಿಕೋನ್ ಹೋಸ್, ಒಂದು ಟ್ಯೂನಿಂಗ್ ಬಾಕ್ಸ್ (ಪವರ್ ಜಾಸ್ತಿ ಆಗಲಿ ಅಂತ ವಯರಿಗೆ ಸಿಕ್ಕಿಸುವ ಡಬ್ಬಿ). ಇಜಿಆರ್‌ಗೆ (ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಇಂಜಿನ್ನಿನ ಒಳಗೆ ಬಿಡುವ ವಾಲ್ವ್) ಪ್ಲೇಟ್ ಕೊಟ್ಟು ಮುಚ್ಚಿದ್ದಾರೆ. ಹಿಂದಿನ ಓನರ್ ಮಾಡಿಸಿದ್ದು ಅರ್ಧ, ಇಂಟರ್‌ಕೂಲರ್ ಮತ್ತು ಬಾಕ್ಸ್ ನಾನು ಮಾಡಿಸಿದ್ದು.

ಈಗ ಸಮಸ್ಯೆ. ನಮ್ಮ ತೋಟದಿಂದ ಡಾಮರು ರಸ್ತೆಗೆ ಬರಬೇಕಾದರೆ ಒಂದು ಚಡಾವು ಹತ್ತಬೇಕು, ಕೊನೆಗೆ ತಿರುವು. ಹಿಂದೆ ಅಡಿಕೆ ಗೋಣಿ ಇರುತ್ತದೆ. ಸೆಕೆಂಡ್ ಗೇರಿನಲ್ಲಿ 1400, 1500 ಆರ್‌ಪಿಎಂ ಹತ್ತಿರ ತುಳಿದರೆ ಗಾಡಿ ಎರಡು ಸೆಕೆಂಡ್ ಸುಮ್ನೆ ಇರುತ್ತದೆ, ಲ್ಯಾಗ್ ಅಂದದ್ದು ಇದಕ್ಕೇ. ಕನ್ನಡಿಯಲ್ಲಿ ನೋಡಿದರೆ ಕರಿ ಹೊಗೆ. 2200 ದಾಟಿದ ಮೇಲೆ ಒಮ್ಮೆಗೇ ಎಳೆಯುತ್ತದೆ, ಆಗ ತಿರುವು ಬಂದಿರುತ್ತದೆ. ಬದಿಯಡ್ಕ ಚೆರ್ಕಳ ರಸ್ತೆಯಲ್ಲಿ ಬಸ್ಸನ್ನು ಓವರ್‌ಟೇಕ್ ಮಾಡಲು ಧೈರ್ಯವೇ ಬರುವುದಿಲ್ಲ. ಈ ಬಸ್ಸಿನವರು ಹೇಗೆ ಹೋಗುತ್ತಾರೆ ಅಂತ ನಿಮಗೆ ಗೊತ್ತೇ ಉಂಟು.

ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ನೋಡಿ, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ಕೊಡುವುದು) ಹೋಗಿದೆ, ಹೊಸದು ಹಾಕಬೇಕು ಅಂದರು. ಎಸ್ಟಿಮೇಟ್ ಲಕ್ಷದ ಮೇಲೆ. ಮೀಟರಿನಲ್ಲಿ ಚೆಕ್ ಲೈಟ್ ಉರಿಯುತ್ತಿದೆ, ಅದು ಇಜಿಆರ್‌ದು, ಬಿಡಿ ಅಂದರು. ಹಣ ಕೊಡುವ ಮೊದಲು ಇಲ್ಲಿ ಕೇಳೋಣ ಅಂತ ಬರೆದೆ.

ಕುಂಬಳೆ ಎಕ್ಸ್‌ಪ್ರೆಸ್

ಬಾಕ್ಸ್ ಬಿಸಾಡಿ, ಮಂಗಳೂರಿಗೆ ಹೋಗಿ ಸರಿಯಾದ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು) ಮಾಡಿಸಿ. ಜೊತೆಗೆ ಥ್ರಾಟಲ್ ಕಂಟ್ರೋಲರ್ ಹಾಕಿಸಿ. ನನ್ನ ಕಾರಿಗೆ ಹಾಕಿದ ಮೇಲೆ ಪೆಡಲ್ ಮುಟ್ಟಿದರೆ ಸಾಕು, ಹಾರುತ್ತದೆ. ನಾಲ್ಕು ಲೇನಿನ ಸರ್ವೀಸ್ ರೋಡಿನಲ್ಲಿ ಮಜಾ ಉಂಟು.

ಸೀತಾಂಗೋಳಿ ರಬ್ಬರ್

ಡೀಸೆಲ್ ಎಲ್ಲಿಂದ ಹಾಕುತ್ತೀರಿ? ಕರ್ನಾಟಕದಲ್ಲಿ ರೇಟು ಕಮ್ಮಿ ಅಂತ ನಮ್ಮ ಕಡೆ ಎಲ್ಲರೂ ಗಡಿ ದಾಟಿ ಹಾಕಿಸುತ್ತಾರೆ, ಅದು ತಪ್ಪಲ್ಲ, ನಾನೂ ಹಾಕಿಸುತ್ತೇನೆ. ಆದರೆ ಕ್ಯಾನಿನಲ್ಲಿ ತಂದು ಪಂಪ್‌ಶೆಡ್ಡಿನಲ್ಲಿ ಇಟ್ಟು, ಮಳೆಗಾಲದಲ್ಲಿ ಅದನ್ನೇ ಗಾಡಿಗೆ ಹೊಯ್ಯುವವರು ಇದ್ದಾರೆ. ಕ್ಯಾನಿನ ಒಳಗೆ ತೇವ ಕಟ್ಟಿ ನೀರು ಸೇರುತ್ತದೆ. ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟು ನೋಡಿ. ನೀರಿದ್ದರೆ ಅಡಿಗೆ ಕೂರುತ್ತದೆ.

ಮತ್ತೆ ಒಂದು ಮಾತು. ಲಿಫ್ಟ್, ದೊಡ್ಡ ಟಯರ್ ಎಲ್ಲ ಆರ್‌ಸಿಯಲ್ಲಿ ಇಲ್ಲದಿದ್ದರೆ ನಮ್ಮ ಕೇರಳದ ಎಂವಿಡಿ (ಮೋಟಾರು ವಾಹನ ಇಲಾಖೆ) ಬಿಡುವುದಿಲ್ಲ. ಕಂಪೆನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದ ಹೋದ ಕೇಸಿನಲ್ಲೇ. ಹೊಗೆಯೂ ಸೇರಿದರೆ ಪೊಲ್ಯೂಶನ್ ಸರ್ಟಿಫಿಕೇಟೂ ಕಷ್ಟ.

ಮುಳ್ಳೇರಿಯ ವರ್ಕ್‌ಶಾಪ್

ಟರ್ಬೊ ಬದಲಿಸಬೇಡಿ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

2200 ಆದ ಮೇಲೆ ಚೆನ್ನಾಗಿ ಎಳೆಯುತ್ತದೆ ಅಂತ ನೀವೇ ಬರೆದಿದ್ದೀರಿ. ಸತ್ತ ಟರ್ಬೊ ಹಾಗೆ ಎಳೆಯುವುದಿಲ್ಲ. ಶಿಳ್ಳೆಯೋ ಕಿರುಚಾಟವೋ ಕೇಳುತ್ತದೆ, ಇಲ್ಲವಾದರೆ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತದೆ. ನಿಮ್ಮದು ಕರಿ ಹೊಗೆ. ಕರಿ ಹೊಗೆ ಅಂದರೆ ಪೂರ್ತಿ ಸುಡದ ಡೀಸೆಲ್. ಡೀಸೆಲ್ ಬೇಕಾದಷ್ಟು ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಸೀತಾಂಗೋಳಿಯವರು ಹೇಳಿದ ನೀರಿನ ವಿಷಯ ಸರಿ, ನೋಡುವುದು ಒಳ್ಳೆಯದೇ. ಆದರೆ ಡೀಸೆಲ್ ಸಿಗದ ಗಾಡಿ ಕರಿ ಹೊಗೆ ಬಿಡುವುದಿಲ್ಲ, ಮೇಲಿನ ಆರ್‌ಪಿಎಂನಲ್ಲಿ ಇನ್ನೂ ಜಾಸ್ತಿ ಸೋಲುತ್ತದೆ. ಥ್ರಾಟಲ್ ಕಂಟ್ರೋಲರ್ ಮಾಡುವುದು ಕಾಲಿನ ಲೆಕ್ಕ ಬದಲಿಸುವ ಕೆಲಸ ಮಾತ್ರ. ನೀವು ಕಾಲು ಭಾಗ ತುಳಿದರೆ ಅರ್ಧ ತುಳಿದರು ಅಂತ ಇಸಿಯುಗೆ (ಇಂಜಿನ್ನಿನ ಕಂಪ್ಯೂಟರಿಗೆ) ಹೇಳುತ್ತದೆ. ನೀವು ಪೂರ್ತಿ ತುಳಿದರೂ ಹೋಗದ ಗಾಡಿಗೆ ಅದರಿಂದ ಎಂತ ಪ್ರಯೋಜನ?

ಬಾಕ್ಸಿನ ಕತೆಯೂ ಅಷ್ಟೇ. ಈ ತರದ ಬಾಕ್ಸ್ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲ್‌ನ ಒತ್ತಡ) ಸೆನ್ಸರಿನ ವಯರಿನ ನಡುವೆ ಕೂತು, ಪ್ರೆಶರ್ ಕಮ್ಮಿ ಉಂಟು ಅಂತ ಸುಳ್ಳು ಹೇಳುತ್ತದೆ. ಇಸಿಯು ನಂಬಿ ಪ್ರೆಶರ್ ಏರಿಸುತ್ತದೆ. ಡೀಸೆಲ್ ಜಾಸ್ತಿ ಬೀಳುತ್ತದೆ. ಗಾಳಿ ಒಂದು ಚೂರೂ ಜಾಸ್ತಿ ಆಗುವುದಿಲ್ಲ. ಮೊದಲೇ ಗಾಳಿ ಸಾಲದ ಇಂಜಿನ್ನಿಗೆ ಇದನ್ನು ಹಾಕಿದರೆ ಹೊಗೆಯೇ ಲಾಭ. ಬಾಕ್ಸ್ ಬಿಚ್ಚಿ ಪಕ್ಕಕ್ಕೆ ಇಟ್ಟು ಮುಂದಿನದ್ದನ್ನು ಮಾಡಿ, ಇಲ್ಲದಿದ್ದರೆ ಸ್ಕ್ಯಾನರ್ ತೋರಿಸುವ ಯಾವ ಲೆಕ್ಕವನ್ನೂ ನಂಬಲು ಆಗುವುದಿಲ್ಲ.

ನಿಮ್ಮ ಇಂಜಿನ್ನಿನಲ್ಲಿ ಇರುವುದು ವಿಜಿಟಿ ಟರ್ಬೊ. ಹೊಗೆ ಬಡಿಯುವ ಚಕ್ರದ ಸುತ್ತ ಸಣ್ಣ ರೆಕ್ಕೆಗಳು ಇರುತ್ತವೆ. ಆರ್‌ಪಿಎಂ ಕಮ್ಮಿ ಇದ್ದಾಗ ರೆಕ್ಕೆಗಳು ಮುಚ್ಚಿಕೊಂಡು ದಾರಿ ಸಪೂರ ಮಾಡುತ್ತವೆ, ಹೊಗೆ ಜೋರಾಗಿ ಬಡಿದು ಚಕ್ರ ಬೇಗ ತಿರುಗುತ್ತದೆ. ಮೇಲೆ ಹೋದ ಹಾಗೆ ತೆರೆದುಕೊಳ್ಳುತ್ತವೆ. ಇವನ್ನು ಆಡಿಸುವುದು ವ್ಯಾಕ್ಯೂಮ್, ಅಂದರೆ ನಳಿಗೆಯಲ್ಲಿ ಗಾಳಿ ಹೀರುವ ಎಳೆತ. ವ್ಯಾಕ್ಯೂಮ್ ಸರಿಯಾಗಿ ತಲುಪದಿದ್ದರೆ ರೆಕ್ಕೆ ಅರ್ಧ ತೆರೆದೇ ಇರುತ್ತದೆ, ಕೆಳಗಿನ ಎಳೆತ ಹೋಗುತ್ತದೆ, ಮೇಲಿನದು ಉಳಿಯುತ್ತದೆ. ನೀವು ಬರೆದ ಲಕ್ಷಣಕ್ಕೆ ಇದು ಸರೀ ಹೊಂದುತ್ತದೆ. ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿಸಿ, ನೀವು ಟರ್ಬೊ ಪಕ್ಕದ ಡಬ್ಬಿಯಿಂದ ಹೊರಗೆ ಬಂದ ಸರಳನ್ನು ನೋಡಿ. ಸ್ಟಾರ್ಟ್ ಆದ ಕೂಡಲೇ ಪೂರ್ತಿ ಎಳೆದುಕೊಳ್ಳಬೇಕು, ಆಫ್ ಮಾಡಿದರೆ ವಾಪಸ್ ಬರಬೇಕು. ಅರ್ಧಕ್ಕೆ ನಿಂತರೆ ಅಲ್ಲಿಂದ ಹಿಂದಕ್ಕೆ ರಬ್ಬರ್ ನಳಿಗೆಯನ್ನು ಬೆರಳಿನಿಂದ ಮುಟ್ಟುತ್ತಾ ಹೋಗಿ.

ಎರಡನೆಯದು ಎಣ್ಣೆ ಫಿಲ್ಟರ್. ಎಣ್ಣೆ ಒಂದಿಷ್ಟು ಜಾಸ್ತಿ ಆದರೆ ಹಾರಿ ಹೋಗಿ ಎಂಎಎಫ್ ಸೆನ್ಸರಿನ (ಒಳಗೆ ಹೋಗುವ ಗಾಳಿಯನ್ನು ಅಳೆಯುವುದು) ಬಿಸಿ ತಂತಿಗೆ ಅಂಟುತ್ತದೆ. ಆಗ ಗಾಳಿ ನಿಜವಾಗಿ ಬಂದದ್ದಕ್ಕಿಂತ ಕಮ್ಮಿ ಅಂತ ಲೆಕ್ಕ ಹೋಗುತ್ತದೆ. ಎಂಎಎಫ್ ಕ್ಲೀನರ್ ಅಂತಲೇ ಸ್ಪ್ರೇ ಸಿಗುತ್ತದೆ, ಅದನ್ನೇ ಬಳಸಿ. ಕಾರ್ಬ್ ಕ್ಲೀನರ್ ಬೇಡ, ಬಟ್ಟೆಯಿಂದ ಒರೆಸುವುದು ಬೇಡವೇ ಬೇಡ. ಫಿಲ್ಟರ್ ವಾಪಸ್ ಕಾಗದದ್ದೇ ಹಾಕಿ. ಸ್ನಾರ್ಕೆಲಿನ ಬಾಯಿ ಮುಂದಕ್ಕೆ ಇದ್ದರೆ ಆಟಿಯ ಮಳೆಯಲ್ಲಿ ಹಿಂದಕ್ಕೆ ತಿರುಗಿಸಿ. ಕಾಗದ ಒದ್ದೆಯಾದರೆ ಊದಿ ಗಾಳಿಯನ್ನು ಕಟ್ಟುತ್ತದೆ.

ಮೂರನೆಯದು, ನನಗೆ ಜಾಸ್ತಿ ಸಂಶಯ ಇರುವುದು. ಇಂಟರ್‌ಕೂಲರ್ ಪೈಪು. ಟರ್ಬೊ ಒತ್ತಿದ ಗಾಳಿ ಇಂಜಿನ್ನಿಗೆ ಮುಟ್ಟುವ ಮೊದಲೇ ಹೊರಗೆ ಹೋದರೆ ತೂತು ಪೈಪಿನಲ್ಲಿ ತೋಟಕ್ಕೆ ನೀರು ಬಿಟ್ಟ ಹಾಗೆ. ಇದನ್ನು ನಿಂತ ಗಾಡಿಯಲ್ಲಿ ಕಣ್ಣಿನಿಂದ ಹುಡುಕಿದರೆ ಸಿಗುವುದಿಲ್ಲ, ಐಡಲ್‌ನಲ್ಲಿ ಒತ್ತಡವೇ ಇಲ್ಲವಲ್ಲ. ತೋಟದ ಪಿವಿಸಿ ಪೈಪಿನ ಎಂಡ್ ಕ್ಯಾಪ್ ಒಂದು ತೆಗೆದುಕೊಂಡು ನಡುವೆ ತೂತು ಮಾಡಿ ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿ. ಟರ್ಬೊದಿಂದ ಹೊರಗೆ ಬರುವ ಹೋಸ್ ಕಳಚಿ ಅದರ ಬಾಯಿಗೆ ಈ ಕ್ಯಾಪ್ ಹಾಕಿ ಕ್ಲ್ಯಾಂಪ್ ಬಿಗಿ ಮಾಡಿ. ಕಂಪ್ರೆಸರಿನಿಂದ ನಿಧಾನಕ್ಕೆ ಗಾಳಿ ಬಿಡಿ, 15 ಪಿಎಸ್‌ಐ ಸಾಕು, ಶೌರ್ಯ ಬೇಡ. ಕ್ಯಾಪಿನ ಎದುರು ನಿಲ್ಲಬೇಡಿ, ಹಾರಿದರೆ ಹಲ್ಲು ಹೋಗುತ್ತದೆ. ಸೋಪಿನ ನೀರು ಎಲ್ಲ ಜಾಯಿಂಟಿಗೂ ಬಿಡಿ, ಗುಳ್ಳೆ ಎದ್ದ ಕಡೆ ಕಳ್ಳ. ಸೈಲೆನ್ಸರಿನಲ್ಲಿ ಸ್ವಲ್ಪ ಸುಸ್ ಅಂತ ಕೇಳಿದರೆ ಹೆದರಬೇಡಿ, ವಾಲ್ವ್ ತೆರೆದ ಸಿಲಿಂಡರಿನಿಂದ ಹೋಗುವ ಗಾಳಿ ಅದು. ಅಡಿಕೆಗೆ ಬೋರ್ಡೋ ಬಿಡುವ ಪಂಪಿನಲ್ಲಿ ಸೋಪು ನೀರು ಬಿಡುತ್ತೇನೆ ಅನ್ನುವವರು ಮೊದಲು ಅದನ್ನು ತೊಳೆಯಿರಿ. ಮೈಲುತುತ್ತು ಅಲ್ಯೂಮಿನಿಯಂಗೆ ಒಳ್ಳೆಯದಲ್ಲ.

ಇಜಿಆರ್ ಪ್ಲೇಟಿನಿಂದ ಒಂದೇ ಉಪಕಾರ, ವಾಲ್ವ್ ತೆರೆದು ಸಿಕ್ಕಿಕೊಂಡು ಹೊಗೆ ಒಳಗೆ ಬರುತ್ತಿದೆ ಅನ್ನುವ ಸಂಶಯ ಬಿಡಬಹುದು. ಆದರೆ ಲೈಟ್ ಉರಿಯುತ್ತಿದ್ದರೆ ಕೋಡ್ ಓದಿಸಲೇಬೇಕು. ಪಿ0401 ಇಜಿಆರ್‌ದು. ಅದರ ಹಿಂದೆ ಪಿ0299 ಅಡಗಿದ್ದರೆ ಅದು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕಮ್ಮಿ ಅನ್ನುವ ಕೋಡ್. ಒಂದೇ ಲೈಟು ಎರಡಕ್ಕೂ ಉರಿಯುತ್ತದೆ, ನೋಡದೆ ಬಿಡಿ ಅನ್ನುವುದು ಯಾವ ನಮೂನೆಯ ರಿಪೇರಿ?

ಪೆರ್ಲದ ಪಿಕಪ್

ಇಷ್ಟು ಬರೆದದ್ದಕ್ಕೆ ಉಪಕಾರ. ಮಾಡಿದೆ.

ಲೋಟದಲ್ಲಿ ನೀರಿಲ್ಲ. ಬಾಕ್ಸ್ ತೆಗೆದೆ, ಹೊಗೆ ಅರ್ಧ ಆಯಿತು, ಲ್ಯಾಗ್ ಹಾಗೇ. ಅಂದರೆ ಬಾಕ್ಸಿನಿಂದ ಇಷ್ಟು ದಿನ ಸಿಕ್ಕಿದ್ದು ಹೊಗೆ ಮಾತ್ರ. ಬ್ಲೂಟೂತ್ ಒಬಿಡಿ (ಗಾಡಿಗೆ ಸಿಕ್ಕಿಸುವ ಸಣ್ಣ ಸ್ಕ್ಯಾನರ್) ತರಿಸಿ ಫೋನಿನಲ್ಲಿ ನೋಡಿದೆ. ಕೋಡ್ ಎರಡೂ ಇತ್ತು, ಪಿ0401 ಮತ್ತು ಪಿ0299. ಇಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಎಂಎಪಿ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ) 100 ಕೆಪಿಎ ತೋರಿಸುತ್ತದೆ, ಅಂದರೆ ಹೊರಗಿನ ಗಾಳಿಯಷ್ಟೇ. ಚಡಾವಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದರೆ 2000ದ ಒಳಗೆ 140 ದಾಟುವುದೇ ಇಲ್ಲ. ಮೇಲೆ ಹೋದರೆ 180ರ ಹತ್ತಿರ. ಫೋನು ನೋಡಿದ್ದು ನಾನಲ್ಲ, ಮಗಳು. ಅವಳಿಗೆ ಈಗ ಕೆಪಿಎ ಅಂದರೆ ಎಂತ ಅಂತ ನನಗಿಂತ ಚೆನ್ನಾಗಿ ಗೊತ್ತು.

ಸರಳು ಅರ್ಧಕ್ಕೇ ನಿಂತಿತು. ನಳಿಗೆ ಮುಟ್ಟುತ್ತಾ ಹೋದರೆ ಬ್ಯಾಟರಿ ಪಕ್ಕ ಇಲಿ ಕಡಿದಿದೆ. ಅಡಿಕೆ ಅಟ್ಟದ ಕೆಳಗೆ ಗಾಡಿ ನಿಲ್ಲಿಸುವವರಿಗೆ ಇದು ಆಶ್ಚರ್ಯ ಅಲ್ಲ.

ಕ್ಯಾಪಿನ ಪರೀಕ್ಷೆಯೂ ಆಯಿತು. ಇಂಟರ್‌ಕೂಲರಿನಿಂದ ಹೊರಗೆ ಬರುವ ಕಡೆ, ಕೆಳಗಿನ ಹೋಸ್, ಬಟ್ಟೆ ಒಗೆಯುವ ಬಾಲ್ದಿಯಷ್ಟು ನೊರೆ. ಬಿಚ್ಚಿ ನೋಡಿದರೆ ಹೋಸಿನ ಒಳಗೆ ಎಣ್ಣೆ ಜಿಡ್ಡು, ಸಿಲಿಕೋನ್ ಮೆತ್ತಗಾಗಿ ಊದಿಕೊಂಡಿದೆ. ಅಲ್ಯೂಮಿನಿಯಂ ಪೈಪಿನ ತುದಿ ನುಣ್ಣಗೆ ಇದೆ, ಉಬ್ಬು ಇಲ್ಲ. ಹಾಕಿದ ಅಂಗಡಿಯವರಿಗೆ ಫೋನ್ ಮಾಡಿದರೆ ಕ್ಲ್ಯಾಂಪ್ ಬಿಗಿ ಮಾಡಿ ಸಾಕು ಅಂದರು. ಸಾಕಾ?

ಮುಳ್ಳೇರಿಯ ವರ್ಕ್‌ಶಾಪ್

ಸಾಲದು. ನುಣ್ಣಗಿನ ಪೈಪಿಗೆ ಎಷ್ಟು ಬಿಗಿ ಮಾಡಿದರೂ ಒತ್ತಡ ಬಂದಾಗ ಹೋಸ್ ಜಾರುತ್ತದೆ, ಎಣ್ಣೆ ಇದ್ದರೆ ಇನ್ನೂ ಸುಲಭ. ತುದಿಯ ಸುತ್ತ ಒಂದು ಉಬ್ಬು ಬೇಕು. ಟಿಗ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋದರೆ ಸುತ್ತಲೂ ಸಣ್ಣ ಏಣು ಎಳೆದು ಕೊಡುತ್ತಾರೆ, ಹೋಸ್ ಕೂರುವಲ್ಲಿ ಮಾತ್ರ ಪಾಲಿಶ್ ಮಾಡಿಸಿ, ಚೂಪು ಉಳಿದರೆ ಹೋಸನ್ನು ಕೊಯ್ಯುತ್ತದೆ. ಎಲ್ಲ ನಾಲ್ಕು ತುದಿಗೂ ಮಾಡಿಸಿ, ಸೋರಿದ ಒಂದಕ್ಕೆ ಮಾತ್ರ ಅಲ್ಲ.

ಇಂಜಿನ್ನಿನ ಬ್ರೀದರಿನಿಂದ (ಒಳಗಿನ ಆವಿ ಹೊರಗೆ ಬಿಡುವ ನಳಿಗೆ) ಆಯಿಲ್ ಆವಿ ಬಂದೇ ಬರುತ್ತದೆ, ಅದು ಎಲ್ಲ ಡೀಸೆಲ್‌ನಲ್ಲೂ ಇರುವುದು. ಬರೀ ಸಿಲಿಕೋನ್ ಅದನ್ನು ತಡೆಯುವುದಿಲ್ಲ. ಒಳಗೆ ಫ್ಲೋರೋಸಿಲಿಕೋನ್ ಪದರ ಇರುವ ಹೋಸ್ ಕೇಳಿ ತೆಗೆದುಕೊಳ್ಳಿ, ಬಣ್ಣ ಯಾವುದೂ ಆಗಬಹುದು. ಸ್ಕ್ರೂ ತಿರುಗಿಸುವ ಸಾದಾ ಕ್ಲಿಪ್ ಬದಲು ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿ. ವ್ಯಾಕ್ಯೂಮ್ ನಳಿಗೆ ಅದರದ್ದೇ ಸೈಜಿನ, ಬಿಸಿ ತಡೆಯುವ ರಬ್ಬರ್ ಇರಲಿ. ತೋಟದವರು ನೀವು, ಅದಕ್ಕೇ ಹೇಳುತ್ತೇನೆ, ಡ್ರಿಪ್‌ನ ಮೈಕ್ರೋಟ್ಯೂಬ್ ಸಿಕ್ಕಿಸಬೇಡಿ. ಟರ್ಬೊದ ಬಿಸಿಗೆ ಕರಗುತ್ತದೆ.

ಆಮೇಲೆ ಕೋಡ್ ಅಳಿಸಿ ಅದೇ ಚಡಾವಿನಲ್ಲಿ ನೋಡಿ. ಪೂರ್ತಿ ತುಳಿದರೆ ಎಂಎಪಿ 200ರ ಮೇಲೆ ಹೋಗಬೇಕು.

ಜಾಲ್ಸೂರು ಜಂಕ್ಷನ್

ಹೋಸ್ ಸರಿ ಆದರೂ ಸ್ವಲ್ಪ ಲ್ಯಾಗ್ ಉಳಿಯುತ್ತದೆ, ಈಗಲೇ ಹೇಳುತ್ತೇನೆ. ನಿಮ್ಮ ಟಯರಿನ ಲೆಕ್ಕ ಹಾಕಿ. 245/70 ಆರ್16ರ ಎತ್ತರ ಸುಮಾರು 749 ಮಿಲಿಮೀಟರ್. 265/75 ಅಂದರೆ 804. ಶೇಕಡಾ 7ಕ್ಕಿಂತ ಸ್ವಲ್ಪ ಜಾಸ್ತಿ. ಮೊದಲು ಯಾವ ಸ್ಪೀಡಿನಲ್ಲಿ 1900 ಆರ್‌ಪಿಎಂ ಇರುತ್ತಿತ್ತೋ ಈಗ ಅದೇ ಸ್ಪೀಡಿನಲ್ಲಿ, ಅದೇ ಗೇರಿನಲ್ಲಿ 1770. ನಿಮ್ಮ ಇಂಜಿನ್ ಪೂರ್ತಿ 320 ಎನ್‌ಎಂ ಕೊಡುವುದು 1800ರಿಂದ 2800ರ ವರೆಗೆ. ಅಂದರೆ ಒಳ್ಳೆಯ ಜಾಗದಲ್ಲಿ ಓಡುತ್ತಿದ್ದ ಗಾಡಿಯನ್ನು ಟಯರು ಆಚೆ ತಳ್ಳಿತು. ಟಯರಿನ ತೂಕ ಬೇರೆ. ಮೀಟರೂ ಸುಳ್ಳು, 60 ತೋರಿಸಿದರೆ ನಿಜಕ್ಕೆ 64 ಹೋಗುತ್ತಿರುತ್ತೀರಿ.

ನಾನು ಸಂಪಾಜೆ ಘಾಟಿಯಲ್ಲಿ ಲೋಡ್ ಹಾಕಿ ಮಡಿಕೇರಿಗೆ ಹೋಗುವವನು, ನನ್ನದು ಬೇರೆ ಕಂಪೆನಿಯ ಪಿಕಪ್. ದೊಡ್ಡ ಟಯರ್ ಹಾಕಿದ ಮೇಲೆ ತಿರುವಿಗೆ ಮೊದಲೇ ಒಂದು ಗೇರ್ ಇಳಿಸುವ ಅಭ್ಯಾಸ ಮಾಡಿಕೊಂಡೆ. ಡಿಫರೆನ್ಶಿಯಲ್ ರೇಶಿಯೋ (ಆಕ್ಸಲಿನ ಗೇರಿನ ಲೆಕ್ಕ) ಬದಲಿಸುವುದು ಸರಿಯಾದ ಮದ್ದು. ಆದರೆ ಫೋರ್ ಬೈ ಫೋರ್‌ನಲ್ಲಿ ಹಿಂದೆ ಮುಂದೆ ಎರಡೂ ಬದಲಿಸಬೇಕು. ಆ ಹಣಕ್ಕೆ ಎರಡು ಸೆಟ್ ಟಯರ್ ಬರುತ್ತದೆ.

ಕುಂಬಳೆ ಎಕ್ಸ್‌ಪ್ರೆಸ್

ಇಷ್ಟೆಲ್ಲ ಮಾಡುವ ಬದಲು ರೀಮ್ಯಾಪ್ ಮಾಡಿದ್ದರೆ ಒಂದು ಮಧ್ಯಾಹ್ನದ ಕೆಲಸ ಇತ್ತು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಮುಳ್ಳೇರಿಯ ವರ್ಕ್‌ಶಾಪ್

ರೀಮ್ಯಾಪ್ ಕೆಟ್ಟದ್ದಲ್ಲ. ಸೋರುವ ಗಾಡಿಗೆ ಮಾಡಿದರೆ ಕೆಟ್ಟದ್ದು. ಜಾಸ್ತಿ ಬೂಸ್ಟ್ ಬೇಕು ಅಂತ ಬರೆದರೆ, ಸೋರಿದ್ದನ್ನು ತುಂಬಿಸಲು ಟರ್ಬೊ ಇನ್ನೂ ಜೋರು ತಿರುಗುತ್ತದೆ. ಆಗ ಆ ಗ್ಯಾರೇಜಿನವರ ಲಕ್ಷದ ಎಸ್ಟಿಮೇಟ್ ನಿಜ ಆಗುತ್ತದೆ.

ಪೆರ್ಲದ ಪಿಕಪ್

ಕೆಲಸ ಮುಗಿಯಿತು, ವಿವರ ಹೇಳುತ್ತೇನೆ.

ಪೈಪಿನ ತುದಿಗೆ ಉಬ್ಬು ಹಾಕಿಸಿದ್ದು ಕಾಸರಗೋಡಿನಲ್ಲಿ, ಬೋಟಿನ ಸಾಮಾನು ವೆಲ್ಡ್ ಮಾಡುವ ಒಬ್ಬರ ಹತ್ತಿರ. ಅಲ್ಯೂಮಿನಿಯಂ ಅವರಿಗೆ ದಿನದ ಕೆಲಸ. ಪಾಲಿಶ್ ಕೂಡ ಹೇಳದೆಯೇ ಮಾಡಿಕೊಟ್ಟರು. ಹೋಸ್, ಕ್ಲ್ಯಾಂಪ್ ಆನ್‌ಲೈನ್‌ನಲ್ಲಿ ತರಿಸಿದೆ. ವ್ಯಾಕ್ಯೂಮ್ ನಳಿಗೆಗೆ ಕಡಿದಷ್ಟು ಭಾಗ ಅಲ್ಲ, ಇಡೀ ಉದ್ದ ಬದಲಿಸಿ ಮೇಲೆ ಸ್ಟೀಲ್ ಜಾಲರಿ ಹಾಕಿದೆ. ಎಂಎಎಫ್ ತೊಳೆದು ಕಾಗದದ ಫಿಲ್ಟರ್ ಕೂರಿಸಿದೆ. ಎಲ್ಲ ಸೇರಿ ಆದ ಖರ್ಚು ಟರ್ಬೊ ಎಸ್ಟಿಮೇಟಿನ ಹತ್ತಿರಕ್ಕೂ ಬರುವುದಿಲ್ಲ.

ವೆಲ್ಡಿಂಗ್‌ಗೆ ಪೈಪು ಕೊಡುವ ಮೊದಲು ನಳಿಗೆ ಒಂದನ್ನೇ ಬದಲಿಸಿ ಓಡಿಸಿ ನೋಡಿದ್ದೆ, ಯಾವುದರಿಂದ ಎಷ್ಟು ಅಂತ ತಿಳಿಯಲಿ ಅಂತ. ಅದರಿಂದಲೇ 140 ಇದ್ದದ್ದು 170ಕ್ಕೆ ಬಂತು. ಹೋಸ್ ಆದ ಮೇಲೆ 1900ರ ಒಳಗೇ 210. ಪಿ0299 ಮತ್ತೆ ಬಂದಿಲ್ಲ. ಕರಿ ಹೊಗೆ ಇಲ್ಲ. ಚಡಾವಿನ ಕೊನೆಯ ತಿರುವಿನಲ್ಲಿ ಈಗ ಕಾಲು ಇಟ್ಟರೆ ಗಾಡಿ ಕೇಳುತ್ತದೆ. ಪೂರ್ತಿ ಭಾವನ ಗಾಡಿಯ ಹಾಗೆ ಅಲ್ಲ, ಜಾಲ್ಸೂರಿನವರು ಹೇಳಿದ್ದು ನಿಜ, 1500ರ ಕೆಳಗೆ ಇನ್ನೂ ಸ್ವಲ್ಪ ಸೋಮಾರಿತನ ಉಂಟು. ಗೇರ್ ಇಳಿಸಿದರೆ ಅದೂ ಇಲ್ಲ.

ಟಯರ್ ಸವೆದ ಮೇಲೆ 245/75ಕ್ಕೆ ಇಳಿಯುವ ಯೋಚನೆ. ಎತ್ತರ 774, ಮೊದಲಿನದ್ದಕ್ಕಿಂತ ಶೇಕಡಾ 3 ಮಾತ್ರ ಜಾಸ್ತಿ. ತೋಟದ ಕೆಸರಿಗೆ ಅದು ಧಾರಾಳ. ಇಜಿಆರ್ ಪ್ಲೇಟ್ ಮುಂದಿನ ಸರ್ವೀಸಿನಲ್ಲಿ ತೆಗೆಸುತ್ತೇನೆ. ಬಾಕ್ಸ್ ವಾಪಸ್ ಹಾಕಲಿಲ್ಲ, ಹಾಕುವುದೂ ಇಲ್ಲ. ಕುಂಬಳೆಯವರಿಗೆ ಬೇಕಿದ್ದರೆ ಕೊಡುತ್ತೇನೆ.

ಕುಂಬಳೆ ಎಕ್ಸ್‌ಪ್ರೆಸ್

ಪುಕ್ಕಟೆ ಆದರೆ ಬೇಕು.

ಮುಳ್ಳೇರಿಯ ವರ್ಕ್‌ಶಾಪ್

ಹೊಸ ಹೋಸ್ ಬಿಸಿಗೆ ಕೂತ ಮೇಲೆ ಕ್ಲ್ಯಾಂಪ್ ಸ್ವಲ್ಪ ಸಡಿಲ ಆಗುತ್ತದೆ. ಇಂಜಿನ್ ತಣ್ಣಗಿದ್ದಾಗ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಅರ್ಧ ಸುತ್ತು ಹಿಡಿದರೆ ಸಾಕು. ಮತ್ತೆ, ಗಾಡಿ ಅಟ್ಟದ ಕೆಳಗೆ ನಿಲ್ಲಿಸುವುದು ಬಿಡಿ. ಇಲಿಗೆ ಸ್ಟೀಲ್ ಜಾಲರಿ ಆಗುವುದಿಲ್ಲ ಸರಿ, ಪಕ್ಕದಲ್ಲೇ ಇಂಜೆಕ್ಟರಿನ ವಯರು ಉಂಟು.